ಮಕ್ಕಳ ಕಥೆ: ಸ್ವಂತವಾಗಿ ಅಚ್ಚು ಹಾಕಿಸಲಾ, ಪುಕ್ಕಟೆ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ಗೆ ಕೊಡಲಾ? ಅನುಭವ ಇದ್ದವರು ಹೇಳಿ

ಓದುವಮ್ಮ: ಎರಡನೇ ಕ್ಲಾಸಿನ ಮಕ್ಕಳಿಗೆ ನಾಲ್ಕು ಕಥೆ ಬರೆದಿದ್ದೇನೆ. ಓದಲು ಸುಲಭ ಆಗಲಿ ಅಂತ ಒತ್ತಕ್ಷರ ಪೂರ್ತಿ ಬಿಟ್ಟಿದ್ದೇನೆ. ಮುಂದೇನು ಮಾಡಲಿ?

ಬಣ್ಣದಡಬ್ಬಿ: ನಾನು ಸ್ವಂತ ದುಡ್ಡಲ್ಲಿ ಮಾಡಿಸಿದೆ. 24 ಪುಟ, ನಾಲ್ಕು ಬಣ್ಣ, 1000 ಪ್ರತಿ. ಚಿತ್ರಕ್ಕೆ 36,000, ಅಚ್ಚಿಗೆ 58,000. ನಾನು ಕೊಟ್ಟಿದ್ದು ಯೂನಿಕೋಡ್, ಅಂದರೆ ಈಗ ಎಲ್ಲ ಫೋನು-ಕಂಪ್ಯೂಟರಲ್ಲೂ ನಡೆಯುವ ಅಕ್ಷರ ಸಂಕೇತ. ಪ್ರೆಸ್ಸಿನವರು ಅದನ್ನು ಹಳೆ ನುಡಿ ಫಾಂಟಿಗೆ ತಿರುಗಿಸಿದರು. ಅರ್ಕಾವತ್ತು ಎಲ್ಲಾ ಎಲ್ಲೆಲ್ಲಿಗೋ ಹೋದವು. ಪ್ರೂಫಲ್ಲಿ ಗುರುತು ಹಾಕಿ ಕೊಟ್ಟರೂ ತಿದ್ದದೆ ಅಚ್ಚು ಹಾಕಿದರು. ಎಂಟು ಪುಟ ಮತ್ತೆ ಅಚ್ಚಾಯಿತು, ಅದಕ್ಕೆ 9,400 ಬೇರೆ ಕಿತ್ತರು. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ನಂಬರು, ಅದನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ ಅಲ್ವಾ, ಮಧ್ಯವರ್ತಿಯೊಬ್ಬ ಅದಕ್ಕೂ 2,500 ಕೇಳಿದ. ಅಂಗಡಿಯವರಿಗೆ 40 ಪರ್ಸೆಂಟ್ ಕಮಿಷನ್, ಹಣ ಬರುವುದು ಆರು ತಿಂಗಳಿಗೆ. ಇಷ್ಟಾದರೂ ಪುಸ್ತಕ ನನ್ನದು. ಒಂದು ಗೆರೆಯನ್ನೂ ಯಾರೂ ಮುಟ್ಟುವ ಹಾಗಿಲ್ಲ.

ಕಡಲೂರಿನವಳು: ಅಷ್ಟು ಸುರಿದು 1000 ಮಕ್ಕಳಿಗೆ ತಲುಪಿತಾ? ಪ್ರಥಮ್ ಬುಕ್ಸ್‌ನವರು ಸ್ಟೋರಿವೀವರ್ ಶುರು ಮಾಡಿದ್ದು 2015ರಲ್ಲಿ. ಅಲ್ಲಿರುವ ಚಿತ್ರಗಳನ್ನೇ ಜೋಡಿಸಿ ನನ್ನ ಕಥೆ ಹಾಕಿದೆ. ಖರ್ಚು ಸೊನ್ನೆ. ಯಾರೋ ಅದನ್ನು ಮರಾಠಿಗೆ ತಂದರು. ಬರೆದವರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅಚ್ಚು ಹಾಕಿ ಹಂಚಬಹುದು. ಮಕ್ಕಳಿಗೆ ಬರೆಯುವುದು ಕೈಗೆ ಸಿಗಲಿ ಅಂತ ತಾನೆ?

ಬಣ್ಣದಡಬ್ಬಿ: ಹಂಚಬಹುದು ಮಾತ್ರ ಅಲ್ಲ, ಮಾರಲೂಬಹುದು. ಅದನ್ನು ಯಾಕೆ ಹೇಳಲಿಲ್ಲ? ಎಲ್ಲರೂ ಪುಕ್ಕಟೆ ಚಿತ್ರ ಹುಡುಕಿದರೆ ಕನ್ನಡದಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದು ಬದುಕುವವರು ಎಲ್ಲಿ ಹೋಗಬೇಕು?

ಕಡಲೂರಿನವಳು: ಆ ಚಿತ್ರ ಬರೆದವರು ಯಾರು ಬೇಕಾದರೂ ಬಳಸಲಿ ಅನ್ನುವ ಲೈಸೆನ್ಸಿಗೆ ಗೊತ್ತಿದ್ದೇ ಕೊಟ್ಟಿದ್ದಾರೆ. ನಾನೇನು ಕದ್ದಿಲ್ಲ.

ನಲಿಕಲಿ ಮೇಷ್ಟ್ರು: ದುಡ್ಡಿನ ಜಗಳ ಆಮೇಲೆ. ಒತ್ತಕ್ಷರ ಬಿಟ್ಟರೆ ಅಮ್ಮ ಇಲ್ಲ, ಅಪ್ಪ ಇಲ್ಲ, ಅಜ್ಜಿ, ಬೆಕ್ಕು, ಹಕ್ಕಿ ಯಾವುದೂ ಇಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಒತ್ತಕ್ಷರ ಇನ್ನೂ ಕಲಿಯದ ಮಗುವೂ ಚಿತ್ರ ನೋಡಿ 'ಬೆಕ್ಕು' ಅಂತ ಓದಿಬಿಡುತ್ತದೆ, ಯಾಕಂದರೆ ಅದು ದಿನಾ ಆಡುವ ಮಾತು. ಅದೇ ಮಗು 'ಮಾರ್ಜಾಲ' ಕಂಡರೆ ಪುಸ್ತಕ ಮುಚ್ಚುತ್ತದೆ. ಸಜಾತಿ ಒತ್ತು, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು, ಧಾರಾಳವಾಗಿ ಬರಲಿ. 'ಸ್ತ್ರ', 'ಕ್ಷ್ಮ' ತಡವಾಗಿ ಬರಲಿ. ನನ್ನ ಕ್ಲಾಸಿಗೆ ದಾನವಾಗಿ ಬಂದ ಪುಸ್ತಕಗಳಲ್ಲಿ ಅಕ್ಷರ ಇರುವೆಯಷ್ಟು. ಮಕ್ಕಳು ಬೆರಳಿಟ್ಟು ಓದುತ್ತಾರೆ, ಸಾಲು ತಪ್ಪುತ್ತದೆ.

ಜೋಳದರೊಟ್ಟಿ: ಅಮ್ಮ, ಅಮ್ಮ ಅಂತೀರಲ್ಲ ಮೇಷ್ಟ್ರೇ, ನಮ್ಮ ಕಡೆ ಮಗು ಕರೆಯುವುದು 'ಅವ್ವಾ' ಅಂತ. ಬರುವ ಪುಸ್ತಕವೆಲ್ಲ ಮೈಸೂರು ಕಡೆ ಮಾತಿನವು. ನನ್ನ ಮಗಳು ಮನೆ ಮಾತಲ್ಲಿ ಓದಿದ್ದಕ್ಕೆ ಟೀಚರ್ ತಪ್ಪು ಹಾಕಿದರು.

ನಲಿಕಲಿ ಮೇಷ್ಟ್ರು: ನಾನು ತಪ್ಪು ಹಾಕುವ ಪೈಕಿ ಅಲ್ಲ. 'ಅವ್ವ'ದಲ್ಲೂ ಸಜಾತಿ ಒತ್ತೇ ಇದೆ, ನಾನು ಹೇಳಿದ್ದನ್ನೇ ನೀವೂ ಹೇಳುತ್ತಿದ್ದೀರಿ.

ಜೋಳದರೊಟ್ಟಿ: ಒತ್ತಿನ ಮಾತಲ್ಲ ಇದು. ನಮ್ಮ ಮಾತಲ್ಲಿ ಬರೆದರೆ ಅಚ್ಚು ಹಾಕುವವರು ತಿದ್ದುತ್ತಾರೆ. ಅದಕ್ಕೇನು ಹೇಳ್ತೀರಿ?

ಬಣ್ಣದಡಬ್ಬಿ: ಅದಕ್ಕೇ ಹೇಳಿದ್ದು, ಸ್ವಂತ ಅಚ್ಚು.