ಮುಂದಿದ್ದೂ ಸೋಲೋದು ಯಾಕೆ? ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಕೋಚ್ ತಪ್ಪಾ, ಕ್ಲಬ್ ತಪ್ಪಾ? (ಅಭಿಮಾನಿಗಳ ಚರ್ಚೆ, ಏಪ್ರಿಲ್ 2025)

ನೀಲಿ ಪಡೆ:
ಸೂಪರ್ ಕಪ್ಪೂ ಮುಗೀತು. ನಿನ್ನೆ ಭುವನೇಶ್ವರದಲ್ಲಿ ಕೆಳಗಿನ ದರ್ಜೆಯ ಐ-ಲೀಗ್ ಆಡೋ ಇಂಟರ್ ಕಾಶಿ ಎದುರು ರಯಾನ್ ವಿಲಿಯಮ್ಸ್ ಗೋಲಿಂದ ಮುಂದಿದ್ವಿ, ಕೊನೇ ನಿಮಿಷಗಳಲ್ಲಿ ಸಮ ಮಾಡಿಸ್ಕೊಂಡ್ವಿ, ಶೂಟೌಟಲ್ಲಿ ಸೋತ್ವಿ. ಏಪ್ರಿಲ್ 12ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಹುಣ್ಣು ಇನ್ನೂ ಒಣಗಿರ್ಲಿಲ್ಲ, ಅದರ ಮೇಲೇ ಮತ್ತೊಂದು ಏಟು. ಅವತ್ತೂ ಹಿಂಗೇ ಆಗಿದ್ದು. ಕೋಲ್ಕತಾದ ಸಾಲ್ಟ್ ಲೇಕ್‌ನಲ್ಲಿ 49ನೇ ನಿಮಿಷ ಮೋಹನ್ ಬಾಗಾನ್‌ನ ಆಲ್ಬರ್ಟೊ ತನ್ನದೇ ಗೋಲಿಗೆ ಚೆಂಡು ಹಾಕ್ಕೊಂಡು ನಮಗೆ 1-0 ಕೊಟ್ಟ. 72ನೇ ನಿಮಿಷ ಚಿಂಗ್ಲೆನ್‌ಸನಾ ಕೈಗೆ ಚೆಂಡು ತಾಗಿತು, ಕಮಿಂಗ್ಸ್ ಪೆನಾಲ್ಟಿ ಹೊಡೆದ. ಹೆಚ್ಚುವರಿ ಸಮಯಕ್ಕೆ ಹೋದ್ವಿ, 96ನೇ ನಿಮಿಷ ಮ್ಯಾಕ್ಲಾರೆನ್ ಮುಗಿಸಿದ.

ಬೆಳಿಗ್ಗೆ ಕೂತು ಹಳೇದೆಲ್ಲ ಬರ್ಕೊಂಡೆ. 2018ರ ಫೈನಲ್, ನಮ್ಮದೇ ಕಂಠೀರವದಲ್ಲಿ: 9ನೇ ನಿಮಿಷಕ್ಕೆ ಉದಾಂತ ಕ್ರಾಸು, ಛೆಟ್ರಿ ಹಾರಿ ತಲೆ ಕೊಟ್ಟ ಗೋಲು. ಕೊನೆಗೆ ಚೆನ್ನೈಯಿನ್ 3-2. 2020ರ ಸೆಮಿಫೈನಲ್: ಎಟಿಕೆ ಎದುರು ಮೊದಲ ಪಂದ್ಯ 1-0 ಗೆದ್ದು ಹೋಗಿದ್ವಿ, ಕೋಲ್ಕತಾದಲ್ಲಿ 5ನೇ ನಿಮಿಷಕ್ಕೇ ಆಶಿಕ್ ಗೋಲು. ಒಟ್ಟು ಎರಡು ಗೋಲು ಮುಂದೆ. ಆಮೇಲೆ ಮೂರು ತಿಂದ್ವಿ. 2023ರ ಫೈನಲ್, ಗೋವಾದಲ್ಲಿ, ಎಟಿಕೆ ಮೋಹನ್ ಬಾಗಾನ್ ಎದುರು: 78ನೇ ನಿಮಿಷ ರಾಯ್ ಕೃಷ್ಣ 2-1 ಮಾಡಿದ, 85ರಲ್ಲಿ ಪೆನಾಲ್ಟಿ ಕೊಟ್ವಿ, ಶೂಟೌಟಲ್ಲಿ 4-3ಕ್ಕೆ ಸೋತ್ವಿ.

ಒಂದ್ಸಲ ಆದ್ರೆ ಹಣೆಬರಹ ಅನ್ನಬಹುದು. ಇಷ್ಟು ಸಲ ಆದ್ರೆ ಬೆಂಚಲ್ಲಿ ಕೂತೋರು ಉತ್ತರ ಕೊಡಬೇಕು. ಕೋಚ್ ಜರಗೋಜಾ ಹೋಗ್ಲಿ ಅಂತ ನೇರವಾಗೇ ಹೇಳ್ತೀನಿ.

ಜಯನಗರದ ಸುಮ:
ನಿಮ್ಮ ಪಟ್ಟೀನ ನೀವೇ ಇನ್ನೊಂದ್ಸಲ ಓದಿ. 2018ರಲ್ಲಿ ರೋಕಾ, 2020ರಲ್ಲಿ ಕ್ವಾದ್ರಾತ್, 2023ರಲ್ಲಿ ಗ್ರೇಸನ್, ಈಗ ಜರಗೋಜಾ. ನಾಲ್ಕು ಸೋಲು, ನಾಲ್ಕು ಕೋಚು. ನಾಲ್ಕೂ ಜನರ ಕಾಲದಲ್ಲಿ ಇದೇ ಆಗಿದ್ರೆ ನಾಲ್ಕನೆಯವರನ್ನ ಕಳಿಸಿದ ಮಾತ್ರಕ್ಕೆ ಹೇಗೆ ಸರಿಹೋಗುತ್ತೆ?

ಜರಗೋಜಾ ಬಂದಾಗ ತಂಡ ಎಲ್ಲಿತ್ತು ಅನ್ನೋದೂ ನೆನಪಿರಲಿ. 2023ರ ಡಿಸೆಂಬರ್, ಮುಂಬೈ ಎದುರು ಕಂಠೀರವದಲ್ಲೇ 0-4. ಒಂಬತ್ತು ಪಂದ್ಯದಲ್ಲಿ ಒಂದೇ ಒಂದು ಗೆಲುವು. ಆ ಸೀಸನ್ 22 ಪಂದ್ಯಕ್ಕೆ 22 ಅಂಕ, ಹನ್ನೆರಡರಲ್ಲಿ ಹತ್ತನೇ ಸ್ಥಾನ. ಅದೇ ತಂಡ ಈ ಸಲ 38 ಅಂಕ ತಗೊಂಡು ಮೂರನೇದಾಯ್ತು. ಪ್ಲೇ ಆಫ್‌ನಲ್ಲಿ ಅದೇ ಮುಂಬೈಗೆ 5-0. ಗೋವಾದಲ್ಲಿ ಸೆಮಿಫೈನಲ್ ಎರಡನೇ ಪಂದ್ಯ 0-2 ಆಗಿ ಒಟ್ಟು ಲೆಕ್ಕ ಸಮ ಆಗಿದ್ದಾಗ, ಬೆಂಚಿಂದ ಇಳಿದ ಛೆಟ್ರಿ ನಾಮ್‌ಗ್ಯಾಲ್ ಕ್ರಾಸಿಗೆ ತಲೆ ಕೊಟ್ಟು 92ನೇ ನಿಮಿಷ ಫೈನಲ್‌ಗೆ ಕರ್ಕೊಂಡು ಹೋದ್ರು. ಅವತ್ತು ಅವರನ್ನ ಬೆಂಚಲ್ಲಿ ಇಟ್ಟು, ಸರಿಯಾದ ಹೊತ್ತಿಗೆ ಇಳಿಸಿದ್ದು ಯಾರು? ಸೋತಾಗ ಕೋಚು, ಗೆದ್ದಾಗ ಛೆಟ್ರಿ ಅಂದ್ರೆ ನ್ಯಾಯ ಅಲ್ಲ.

ಮರ್ಫಿ ಟೌನ್ ಪಿಟಿ ಮೇಷ್ಟ್ರು:
ನಾನು ಶಾಲೆ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡ್ತೀನಿ. ನೀಲಿ ಪಡೆಯವರು ಬರೆದ ಪಟ್ಟಿಯಲ್ಲಿ ನನಗೆ ಕಂಡಿದ್ದು ಬೇರೆ. 2020ರಲ್ಲಿ ಡೇವಿಡ್ ವಿಲಿಯಮ್ಸ್ ಪೆನಾಲ್ಟಿ ಒಂದು. 2023ರಲ್ಲಿ ಪೆಟ್ರಾಟೋಸ್ ಎರಡು. 2025ರಲ್ಲಿ ಕಮಿಂಗ್ಸ್ ಒಂದು. ಮೂರು ಪಂದ್ಯ, ನಾಲ್ಕು ಪೆನಾಲ್ಟಿ. ಪೆನಾಲ್ಟಿ ಆಕಾಶದಿಂದ ಬೀಳಲ್ಲ. ಮುಂದಾದ ಕೂಡಲೇ ಹತ್ತೂ ಜನ ನಮ್ಮ ಪೆನಾಲ್ಟಿ ಬಾಕ್ಸ್ ಹತ್ರ ಬಂದು ನಿಂತ್ರೆ, ಎದುರಾಳಿ ಹಾಕೋ ಪ್ರತಿ ಕ್ರಾಸೂ ಯಾರದಾದ್ರೂ ಕೈಗೋ ಕಾಲಿಗೋ ತಾಗ್ಲೇಬೇಕು. ಅರ್ಧ ಗಂಟೆ ಹಾಗೆ ನಿಂತ್ರೆ ಒಂದಾದ್ರೂ ಸೀಟಿ ಬೀಳುತ್ತೆ.

ನಮ್ಮ ಮೈದಾನದಲ್ಲಿ ನಾನು ಗೋಲಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಸುಣ್ಣದ ಪುಡೀಲಿ ಒಂದು ಗೆರೆ ಎಳೀತೀನಿ. ಮುಂದಿರೋ ತಂಡದ ಡಿಫೆಂಡರ್‌ಗಳು, ಚೆಂಡು ಎದುರಾಳಿ ಅರ್ಧದಲ್ಲಿ ಇರೋವರೆಗೆ ಆ ಗೆರೆ ದಾಟಿ ಹಿಂದೆ ಬರೋ ಹಾಗಿಲ್ಲ. ಹತ್ತು ನಿಮಿಷ ಆದ್ಮೇಲೆ ನೋಡಿದ್ರೆ ಎಲ್ಲರ ಹಿಮ್ಮಡೀಲೂ ಸುಣ್ಣ ಮೆತ್ಕೊಂಡಿರುತ್ತೆ. ಗೊತ್ತಿಲ್ಲದೇ ಕಾಲು ಹಿಂದಕ್ಕೆ ಹೋಗುತ್ತೆ, ಅದು ಭಯ. ದೊಡ್ಡ ಆಟಗಾರರಿಗೂ ಅದೇ ಭಯ. ಅದನ್ನ ಬಿಡಿಸೋದು ಕೋಚ್ ಕೆಲಸ, ಆ ಮಟ್ಟಿಗೆ ಕೋಚ್ ತಪ್ಪು ಇದ್ದೇ ಇದೆ ಸುಮ ಮೇಡಂ.

ಕುಡ್ಲದ ಗೋಲಿ:
ನಾನು ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವ. ಮೇಷ್ಟ್ರೇ, ನಿಮ್ಮ ಲೆಕ್ಕ ಪೂರ್ತಿ ಸರಿ ಇಲ್ಲ ಮಾರಾಯ್ರೇ. 2023ರ ಮೊದಲ ಪೆನಾಲ್ಟಿ ಬಂದದ್ದು 14ನೇ ನಿಮಿಷಕ್ಕೆ, ಆಗ 0-0. ರಾಯ್ ಕೃಷ್ಣನ ಕೈಗೆ ತಾಗಿದ್ದು. ಅವ ನಮ್ಮ ಫಾರ್ವರ್ಡ್. ಅಲ್ಲಿ ಭಯದಿಂದ ಹಿಂದೆ ಬಂದದ್ದು ಎಲ್ಲಿ ಉಂಟು? 2018ರಲ್ಲಿ ಪೆನಾಲ್ಟಿಯೇ ಇರಲಿಲ್ಲ, ಚೆನ್ನೈಯಿನ್‌ನ ಮೈಲ್ಸನ್ ಎರಡು ಸಲ ಕಾರ್ನರಿಗೆ ತಲೆ ಕೊಟ್ಟ. ಒಂದೇ ಮನುಷ್ಯ, ಹಾಫ್ ಟೈಮಿನ ಒಳಗೆ ಎರಡು ಸಲ. ಮೊದಲನೆಯದ್ದು ಬಿದ್ದ ಮೇಲೆ ಅವನನ್ನು ಹಿಡಿಯುವವರು ಯಾರು ಅಂತ ಬೆಂಚಿನಿಂದ ಕೂಗಿ ಹೇಳ್ಲಿಕ್ಕೆ ಆಗ್ತಿರಲಿಲ್ವಾ? ಅದಕ್ಕೆ ನಾನು ಕೋಚನ್ನು ಇವತ್ತಿಗೂ ಕ್ಷಮಿಸುದಿಲ್ಲ.

ಆದ್ರೆ ಎಲ್ಲದಕ್ಕೂ ಒಂದೇ ಕಾರಣ ಹುಡುಕಬೇಡಿ. ನಿನ್ನೆ ಎದುರು ಬೆಂಚಿನಲ್ಲಿ ಇದ್ದದ್ದು ಹಬಾಸ್. 2020ರಲ್ಲಿ ಎಟಿಕೆಗೆ ಕೋಚ್ ಇದ್ದದ್ದೂ ಅವರೇ. ಕೆಲವರಿಗೆ ಹಿಂದೆ ಬಿದ್ದ ಪಂದ್ಯವನ್ನು ಎಳೆದು ತರುವ ತಾಳ್ಮೆ ಉಂಟು, ಅದನ್ನೂ ಒಪ್ಪಬೇಕು.

ಕ್ಲಬ್ ಮೇಲೆ ನನ್ನ ಸಿಟ್ಟು ಬೇರೆ. 2023ರ ಫೈನಲ್ ಆಡಿದ ತಂಡದಿಂದ ಒಂದೇ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಜಿಂಗನ್ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ ಹೋದರು. ಉದಾಂತನೂ ಗೋವಾಕ್ಕೆ. ಡಿಸೆಂಬರಿನಲ್ಲಿ ಗ್ರೇಸನ್‌ಗೆ ಗೇಟು ತೋರಿಸಿದರು. ಸಾಮಾನು ಎಲ್ಲ ಹೊರಗೆ ಹಾಕಿ ಅಡಿಗೆ ಯಾಕೆ ಆಗಲಿಲ್ಲ ಅಂತ ಕೇಳಿದ ಹಾಗಾಯ್ತು.

ಹುಬ್ಬಳ್ಳಿ ಹುಡುಗ:
ಎಲ್ಲಾರೂ ಕೋಚ್ ಬಗ್ಗೆನ ಮಾತಾಡಾಕತ್ತೀರಿ. ನಾ ಒಂದ್ ಮಾತ್ ಕೇಳ್ತೀನ್ರಿ. ಆ ಹನ್ನೊಂದು ಮಂದ್ಯಾಗ ನಮ್ಮ ರಾಜ್ಯದ ಹುಡುಗ್ರು ಎಷ್ಟ್ ಮಂದಿ ಅದಾರ?

2023ರ ಮಾರ್ಚ್ 3 ನೆನಪೈತಲ್ರಿ. ಕಂಠೀರವದಾಗ ಕೇರಳ ಬ್ಲಾಸ್ಟರ್ಸ್ ಗೋಡಿ ಕಟ್ಟೂದ್ರೊಳಗ ಛೆಟ್ರಿ ಫ್ರೀ ಕಿಕ್ ಹೊಡದ ಬಿಟ್ಟ, ಅವರು ಮೈದಾನ ಬಿಟ್ಟ ಹ್ವಾದ್ರು. ದೇಶಕ್ಕ ದೇಶನ ಅದನ್ನ ಮಾತಾಡ್ತು. ಮರುದಿನ, ಮಾರ್ಚ್ 4ಕ್ಕ, ರಿಯಾದ್‌ನಾಗ ನಮ್ಮ ಕರ್ನಾಟಕದ ಹುಡುಗ್ರು ಮೇಘಾಲಯಕ್ಕ 3-2 ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ರು. ಹಿಂದ ಗೆದ್ದಿದ್ದು 1968-69ರಾಗ, ಆವಾಗಿನ್ನೂ ಮೈಸೂರು ರಾಜ್ಯ. ಐವತ್ತನಾಕು ವರ್ಷ ಆಗಿತ್ರಿ! ನಾನು ಫೋನ್ ನೋಡಕೋಂತ ನಮ್ಮನ್ಯಾಗ ಒಬ್ಬನ ಕುಣದೆ. ಎಷ್ಟ್ ಮಂದಿಗೆ ಅವರ ಹೆಸರು ಗೊತ್ತೈತಿ? ತಮ್ಮೂರಿನ ಅಂಗಿ ತೊಟ್ಟ ಹುಡುಗ ಕಡೀ ಹತ್ತು ನಿಮಿಷ ಹೆಂಗ್ ಆಡ್ತಾನ, ಅದನ್ನ ನೋಡಬೇಕ್ರಿ ನಾವು.

ಜಯನಗರದ ಸುಮ:
ಹುಬ್ಬಳ್ಳಿಯವರ ಕಳಕಳಿ ನನ್ನದೂ ಹೌದು. ಆದ್ರೆ ಅದರಲ್ಲೂ ಜರಗೋಜಾಗೆ ಸಲ್ಲಬೇಕಾದ್ದು ಸಲ್ಲಲಿ. ಈ ಸೀಸನ್ ಮೊದಲ ಪಂದ್ಯ, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು 1-0. ಆ ಗೋಲು ಹೊಡೆದವನು ವಿನೀತ್ ವೆಂಕಟೇಶ್, ನಮ್ಮ ಬೆಂಗಳೂರಿನ ಹುಡುಗ, ಇಪ್ಪತ್ತೂ ತುಂಬಿರಲಿಲ್ಲ. ಅವನನ್ನ ನಂಬಿ ಇಳಿಸಿದ್ದು ಇದೇ ಕೋಚ್. ನಾನು ಅವತ್ತು ವೆಸ್ಟ್ ಬ್ಲಾಕಲ್ಲಿದ್ದೆ. ಪಕ್ಕದಲ್ಲಿದ್ದ ಹುಡುಗಿ ಸ್ಕೋರ್‌ಬೋರ್ಡ್ ಮೇಲೆ ಬಂದ ಹೆಸರನ್ನ ಜೋರಾಗಿ ಓದಿ "ವೆಂಕಟೇಶ್, ವೆಂಕಟೇಶ್" ಅಂತ ನನ್ನ ಭುಜ ಹಿಡಿದು ಅಲುಗಾಡಿಸಿದ್ಳು. ಅಷ್ಟು ದಿನ ಪಂದ್ಯ ನೋಡಿದೀನಿ, ಆ ಥರ ಖುಷಿ ಬೇರೆಯೇ.

ಆಸ್ಟಿನ್ ಟೌನ್ ಹಳಬ:
ನಿಮ್ಮ ಮಾತೆಲ್ಲ ಓದ್ತಾ ಕೂತಿದ್ದೆ ಮಕ್ಕಳೇ. ನಮ್ಮ ಕಡೆ ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ, ಅಷ್ಟು ಫುಟ್‌ಬಾಲ್ ಹುಚ್ಚಿನ ಜನ ನಾವು. ನೀಲಿ ಪಡೆ ಅವರೇ, ನಿಮ್ಮ ಪಟ್ಟಿ 2018ರಿಂದ ಶುರುವಾಗುತ್ತೆ. ನನ್ನದು 2015ರಿಂದ.

ಆ ವರ್ಷ ಮೇ 31. ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಕೊನೇ ಪಂದ್ಯ, ಕಂಠೀರವದಲ್ಲಿ, ಎದುರಿಗೆ ಇದೇ ಮೋಹನ್ ಬಾಗಾನ್. ನಾವು ಗೆದ್ರೆ ಕಪ್ ನಮ್ಮದು, ಸಮ ಆದ್ರೆ ಅವರದು. ಮಳೆ. ಜಾನ್ ಜಾನ್ಸನ್ ಗೋಲಿಂದ ನಾವು 1-0. ಕೊಡೆ ಬಿಚ್ಚಿದ್ರೆ ಹಿಂದಿನವರಿಗೆ ಕಾಣಲ್ಲ ಅಂತ ಮಡಿಸಿ ಮೊಣಕಾಲ ಮಧ್ಯೆ ಇಟ್ಕೊಂಡು ನೆನೀತಾ ಕೂತಿದ್ದೆ. 87ನೇ ನಿಮಿಷ ಅವರಿಗೊಂದು ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟ. ಚೆಂಡು ಒಳಗೆ ಹೋಗಿದ್ದು ನನಗೆ ಕಾಣಲಿಲ್ಲ, ಮೂಲೇಲಿದ್ದ ಬಾಗಾನ್ ಜನ ಕೂಗಿದ್ದು ಕೇಳಿಸ್ತು. 1-1. ಕಪ್ ಅವರ ಪಾಲಾಯ್ತು.

ಅವತ್ತು ಬೆಂಚಲ್ಲಿದ್ದದ್ದು ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ಲೀಗ್ ಗೆಲ್ಲಿಸಿದ ಮನುಷ್ಯ. ಆ ಮೊದಲ ವರ್ಷ ಪಂದ್ಯ ನಡೀತಿದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ, ಮೆಟ್ಟಿಲ ಮೇಲೆ ಕೂತ್ರೆ ಆಟಗಾರರು ಒಬ್ಬರನ್ನೊಬ್ಬರು ಬೈಯೋದೂ ಕೇಳ್ತಿತ್ತು. ಸುಮಮ್ಮ ನಾಲ್ಕು ಕೋಚ್ ಅಂದ್ರು, ನಾನು ಐದು ಅಂತೀನಿ.

ಆದ್ರೆ ವೆಸ್ಟ್‌ವುಡ್‌ನ ಯಾರೂ ಓಡಿಸಲಿಲ್ಲ. ಮುಂದಿನ ಸೀಸನ್ ಅದೇ ಮನುಷ್ಯ ಮತ್ತೆ ಐ-ಲೀಗ್ ಗೆದ್ದು ಕೊಟ್ಟ. ಅದೇ 2016ರ ಅಕ್ಟೋಬರಲ್ಲಿ, ಅಷ್ಟೊತ್ತಿಗೆ ರೋಕಾ ಬಂದಿದ್ರು, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲಲ್ಲಿ ಮಲೇಷ್ಯಾದ ಜೊಹೊರ್ ಕಂಠೀರವಕ್ಕೆ ಬಂತು. ಹಿಂದಿನ ವರ್ಷದ ಚಾಂಪಿಯನ್. ಮೊದಲ ಗೋಲು ಅವರದೇ. ನಾವು ಮೂರು ಹೊಡೆದ್ವಿ, ಛೆಟ್ರಿ ಎರಡು, ಹುವಾನನ್ ಒಂದು. ಹಿಂದೆ ಬಿದ್ದಾಗ ಚೆನ್ನಾಗಿ ಆಡೋ ತಂಡ ನಮ್ಮದು. ಮುಂದಿದ್ದಾಗಲೇ ಕೈಕಾಲು ಕಟ್ಟಿಹಾಕಿದ ಹಾಗೆ ಆಡ್ತೀವಿ.

ನೀಲಿ ಪಡೆ:
ಅಂಕಲ್, 2015 ನಾನು ನೋಡಿರ್ಲಿಲ್ಲ. ಓದಿ ಹೊಟ್ಟೆ ಉರೀತು. ಸರಿ, ಕೋಚ್ ಬದಲಾಯಿಸಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋ ಮಾತು ಬಿಟ್ಟೆ. ಆದ್ರೆ ತಪ್ಪೇ ಇಲ್ಲ ಅಂತ ಒಪ್ಪಲ್ಲ. ಐದು ಸಬ್ ಇಳಿಸೋ ಅವಕಾಶ ಇದೆ. ಮುಂದಿದ್ದಾಗ ಯಾರನ್ನ ಇಳಿಸಬೇಕು ಅನ್ನೋದು ಕೋಚ್ ಕೈಲೇ ಇರೋದು. ಮೇಷ್ಟ್ರೇ, ನೀವಾಗಿದ್ರೆ ಏನ್ ಮಾಡ್ತಿದ್ರಿ?

ಮರ್ಫಿ ಟೌನ್ ಪಿಟಿ ಮೇಷ್ಟ್ರು:
ಓಡೋ ಹುಡುಗನ್ನ ಇಳಿಸ್ತೀನಿ. ಮುಂದಿದ್ದಾಗ ಎಲ್ಲರೂ ಇನ್ನೊಬ್ಬ ಡಿಫೆಂಡರ್ ಹಾಕ್ತಾರೆ. ಆಗ ನಾವು ಬಿಡಿಸಿ ಆಚೆ ಹೊಡೆದ ಚೆಂಡನ್ನ ಹಿಡಿಯೋರೇ ಇರಲ್ಲ, ಹತ್ತು ಸೆಕೆಂಡಿಗೆ ಅದು ಮತ್ತೆ ನಮ್ಮ ಗೋಲಿನ ಮುಂದೆ ಇರುತ್ತೆ. ಮೇಲ್ಗಡೆ ಒಬ್ಬ ವೇಗದ ಹುಡುಗ ನಿಂತಿದ್ರೆ ಎದುರಾಳಿಯ ಇಬ್ಬರು ಡಿಫೆಂಡರ್‌ಗಳು ಅವನನ್ನ ಕಾಯ್ತಾ ಹಿಂದೆ ಉಳೀಬೇಕು. ಉದಾಂತ ನಮ್ಮಲ್ಲಿದ್ದಾಗ ಆ ಕೆಲಸ ತಾನಾಗೇ ಆಗ್ತಿತ್ತು, ಹಾಗಾಗಿ ಕುಡ್ಲದವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಮ್ಮ ಫಾರ್ವರ್ಡ್ ಶಿವಶಕ್ತಿ ಇದ್ದಾನಲ್ಲ. 2022-23ರಲ್ಲಿ ಆ ಹುಡುಗ ಆಡ್ತಿದ್ದ ರೀತಿಗೆ ಛೆಟ್ರಿಯೇ ಬೆಂಚಲ್ಲಿ ಕೂರ್ತಿದ್ರು. ಆ ಫೈನಲಲ್ಲಿ ಶುರುವಿನ ನಿಮಿಷಗಳಲ್ಲೇ ಅವನಿಗೆ ಪೆಟ್ಟಾಗಿ ಛೆಟ್ರಿ ಇಳಿಯಬೇಕಾಯ್ತು. ಅವನು ಪೂರ್ತಿ ಆಡಿದ್ದಿದ್ರೆ ಅನ್ನೋ ಯೋಚನೆ ನನಗೆ ಇನ್ನೂ ಬರುತ್ತೆ.

ಕುಡ್ಲದ ಗೋಲಿ:
ಇದು ಒಪ್ಪುವ ಮಾತು. ಮತ್ತೆ ಇನ್ನೊಂದು ಉಂಟು. ಈ ಸೀಸನ್ ಛೆಟ್ರಿ 14 ಗೋಲು ಹೊಡೆದರು, ನಲವತ್ತು ವರ್ಷ. ಕೇರಳದ ಎದುರು ಹ್ಯಾಟ್ರಿಕ್. ನನಗೆ ಅವರ ಮೇಲೆ ಪ್ರಾಣ. ಆದ್ರೆ 2024ರ ಜೂನಿನಲ್ಲಿ ದೇಶದ ತಂಡದಿಂದ ನಿವೃತ್ತಿ ಆದವರನ್ನು ಭಾರತ ತಂಡದ ಕೋಚ್ ಮನೋಲೊ ಮಾರ್ಕೆಸ್ ಈ ಮಾರ್ಚಿನಲ್ಲಿ ವಾಪಸ್ ಕರೆದರು, ಬಾಂಗ್ಲಾದೇಶದ ಎದುರು 0-0 ಆಯ್ತು. ದೇಶಕ್ಕೂ ಕ್ಲಬ್ಬಿಗೂ ಅವರ ನಂತರ ಯಾರು ಅಂತ ಒಂದೇ ಪ್ರಶ್ನೆ. ಜರಗೋಜಾ ಇರ್ಲಿ, ಹೋಗ್ಲಿ, ಮುಂದಿನ ಸೀಸನ್ ಮೊದಲ ಪಂದ್ಯದಿಂದಲೇ ಶಿವಶಕ್ತಿಗೆ 9ನೇ (ಸ್ಟ್ರೈಕರ್) ಜಾಗದಲ್ಲಿ ಪೂರ್ತಿ ತೊಂಬತ್ತು ನಿಮಿಷ ಕೊಡ್ಬೇಕು.

ಹುಬ್ಬಳ್ಳಿ ಹುಡುಗ:
ಮತ್ತ ವಿನೀತ್‌ಗೂ ಕೊಡ್ರಿ.

ಜಯನಗರದ ಸುಮ:
ಇಬ್ಬರಿಗೂ ಕೊಡಲಿ. ಅದಕ್ಕೇ ನಾನು ಕೋಚ್ ಇರಲಿ ಅನ್ನೋದು. ಹೊಸಬರು ಬಂದ್ರೆ ಆರು ತಿಂಗಳು ಹುಡುಗರ ಹೆಸರು ಕಲಿಯೋದ್ರಲ್ಲೇ ಹೋಗುತ್ತೆ. ಇವರು 2019ರಲ್ಲಿ ನಾವು ಕಪ್ ಗೆದ್ದಾಗ ಕ್ವಾದ್ರಾತ್ ಜೊತೆ ಸಹಾಯಕರಾಗಿದ್ದವರು, ಬೆಂಗಳೂರು ಗೊತ್ತು.

ನೀಲಿ ಪಡೆ:
2019 ಅಂದ್ರೆ ಭೇಕೆ 117ನೇ ನಿಮಿಷ ಕಾರ್ನರಿಗೆ ತಲೆ ಕೊಟ್ಟ ಗೋಲು. ಈಗ ಹೊಳೀತು ನೋಡಿ, ನಾವು ಗೆದ್ದ ಒಂದೇ ಐಎಸ್‌ಎಲ್ ಫೈನಲಲ್ಲಿ ಮುಂದಿದ್ದು ಬರೀ ಕೊನೇ ಮೂರ್ನಾಲ್ಕು ನಿಮಿಷ. ಕಾಪಾಡಿಕೊಳ್ಳೋಕೆ ಸಮಯವೇ ಇರ್ಲಿಲ್ಲ.

ಆಸ್ಟಿನ್ ಟೌನ್ ಹಳಬ:
ಅದನ್ನ ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ನಿಜ ಕಣಪ್ಪ. ಮೇಷ್ಟ್ರೇ, ಆ ಸುಣ್ಣದ ಗೆರೆ ಯಾವ ಮೈದಾನದಲ್ಲಿ ಎಳೀತೀರಿ? ಮರ್ಫಿ ಟೌನ್ ನಮ್ಮ ಮನೆಯಿಂದ ದೂರ ಇಲ್ಲ. ಹುಡುಗರು ಆಡೋ ದಿನ ಹೇಳಿ, ಬಂದು ನೋಡ್ತೀನಿ.

ಮರ್ಫಿ ಟೌನ್ ಪಿಟಿ ಮೇಷ್ಟ್ರು:
ಭಾನುವಾರ ಬೆಳಿಗ್ಗೆ ಆರೂವರೆಗೆ ಶುರು ಯಜಮಾನ್ರೇ. ಬಿಸಿಲೇರೋ ಮುಂಚೆ ಮುಗಿಸ್ತೀವಿ. ಬನ್ನಿ, ಹುಡುಗರಿಗೆ 87ನೇ ನಿಮಿಷದ ಕಥೆ ನಿಮ್ಮ ಬಾಯಿಂದಲೇ ಹೇಳಿ.