ಸ್ಯಾಡಲ್ ಬೇಟೆಗೆ ಯಾವ ಕ್ಲೈಂಬಿಂಗ್ ಸ್ಟಿಕ್?

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ. ಸ್ಯಾಡಲ್‌ನಲ್ಲಿ, ಅಂದರೆ ಮರಕ್ಕೆ ಹಗ್ಗದಿಂದ ಕಟ್ಟಿದ ಸೊಂಟದ ಜೋಲಿಯಲ್ಲಿ, ಕೂತು ಬೇಟೆ. ಅಕ್ಟೋಬರ್ 1ಕ್ಕೆ ಜಿಂಕೆಯ ಬಿಲ್ಲುಬೇಟೆ ಶುರು. ಸರ್ಕಾರಿ ಕಾಡು, ಮರಕ್ಕೆ ಸ್ಕ್ರೂ ಹೊಡೆಯುವಂತಿಲ್ಲ. ಹತ್ತಲು ಮರಕ್ಕೆ ಕಟ್ಟುವ ಮೆಟ್ಟಿಲುಕೋಲು, ಅಂದರೆ ಸ್ಟಿಕ್, 20 ಇಂಚಿನದು ನಾಲ್ಕು ತಗೊಳ್ಳಲಾ, 32 ಇಂಚಿನದು ಮೂರಾ? ಗೆಳೆಯನ ಉದ್ದನೆಯವು ಪೊದೆಗೆಲ್ಲ ಸಿಕ್ಕಿಕೊಂಡು ಪ್ರಾಣ ತಿಂದವು.

ಉತ್ತರ 1: ಚಿಕ್ಕವೇ ತಗೊಳ್ಳಿ ಸರ್. ಪ್ರತಿಯೊಂದಕ್ಕೂ ಹಗ್ಗದ ಏಡರ್ (ಸ್ಟಿಕ್ ಕೆಳಗೆ ತೂಗುವ, ಕಾಲಿಡುವ ಕುಣಿಕೆ) ಕಟ್ಟಿದರೆ ನಾಲ್ಕರಲ್ಲೇ 18 ಅಡಿ ಹತ್ತಬಹುದು. ಸ್ಟಿಕ್ ಅನ್ನು ಮರಕ್ಕೆ ಬಿಗಿಯುವ ಬಕಲ್ ಪಟ್ಟಿ ತೆಗೆದು ಹಗ್ಗ ಹಾಕಿ. ಲೋಹ ಠಣ್ ಅಂದರೆ ಜಿಂಕೆ ನಿಲ್ಲುವುದಿಲ್ಲ.

ಉತ್ತರ 2: ಏಡರ್ ಕತ್ತಲಲ್ಲಿ ಸುಮ್ನೆ ತೂಗಾಡುತ್ತದೆ, ಕಾಲಿಗೆ ಸಿಗುವುದಿಲ್ಲ. ನಾನು ಇಳಿಯುವಾಗ ಜಾರಿ ಲೈನ್‌ಮನ್ ಬೆಲ್ಟ್‌ನಲ್ಲೇ (ಮರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುವ ಹಗ್ಗ) ನೇತಾಡಿದೆ. ಅಡಿಕೆ ಮರ ಹತ್ತಿ ಬೆಳೆದವನು ಅನ್ನೋ ಜಂಬ ಅಲ್ಲೇ ಇಳಿಯಿತು! ಬೆಲ್ಟ್ ಮಾತ್ರ ಬಿಡಬೇಡಿ.

ಪ್ರಶ್ನೆ ಕೇಳಿದವರು: ಹಾಗಾದರೆ 20 ಇಂಚಿನವೇ. ಏಡರ್ ಕೆಳಗಿನ ಎರಡಕ್ಕೆ ಮಾತ್ರ. 15 ಅಡಿ ಸಾಕು, ಅಲ್ವಾ?