ಎಲ್ಲ ಮೆಷಿನ್‌ಗಳೂ ‘ಸಿಂಕ್ ಆಗಿದೆ’ ಅನ್ನುತ್ತವೆ, ಆದರೂ ಮೇಕ್ ‘ಕ್ಲಾಕ್ ಸ್ಕ್ಯೂ’ ಅನ್ನುತ್ತಿದೆ

ಲ್ಯಾಬ್_ಉಸ್ತುವಾರಿ:
ನಮಸ್ಕಾರ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ 30 ಲಿನಕ್ಸ್ ಮೆಷಿನ್‌ಗಳಿವೆ. ಹೋಮ್ ಫೋಲ್ಡರ್‌ಗಳೆಲ್ಲ ಒಂದು ಫೈಲ್ ಸರ್ವರ್‌ನಲ್ಲಿವೆ, ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಮೌಂಟ್ ಆಗುತ್ತವೆ. ಆ ಸರ್ವರ್ ಒಂದು ವರ್ಚುವಲ್ ಮೆಷಿನ್. ಎಲ್ಲ ಕಡೆಯೂ ಗಡಿಯಾರ ಸರಿಹೊಂದಿಸುವ ಕ್ರೋನಿ ಓಡುತ್ತಿದೆ.

ವಿದ್ಯಾರ್ಥಿಗಳು ಸಿ ಪ್ರೋಗ್ರಾಂ ಕಂಪೈಲ್ ಮಾಡುವಾಗ ಆಗಾಗ ಮೇಕ್ (ಫೈಲ್‌ಗಳ ಸಮಯ ನೋಡಿ, ಬದಲಾದದ್ದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಪ್ರೋಗ್ರಾಂ) ಎಚ್ಚರಿಕೆ ಕೊಡುತ್ತದೆ: ಫೈಲಿನ ಸಮಯ 38 ಸೆಕೆಂಡ್ ಮುಂದಿದೆ, ಕ್ಲಾಕ್ ಸ್ಕ್ಯೂ (ಗಡಿಯಾರಗಳ ನಡುವೆ ವ್ಯತ್ಯಾಸ) ಇದೆ, ಬಿಲ್ಡ್ ಪೂರ್ತಿ ಆಗದೆ ಇರಬಹುದು ಅಂತ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಲ್ಲಿ ಕೇಳಿದರೆ ಎಲ್ಲ ಮೆಷಿನ್‌ಗಳೂ ‘ಸಿಂಕ್ ಆಗಿದೆ: ಯೆಸ್’ ಅನ್ನುತ್ತವೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗದೆ ಹಳೇ ಪ್ರೋಗ್ರಾಂ ಓಡಿದರೆ ಮಕ್ಕಳು ತಮ್ಮದೇ ಕೋಡ್ ತಪ್ಪು ಅಂದುಕೊಳ್ಳುತ್ತಾರೆ. ಅದೇ ನನಗೆ ಚಿಂತೆ.

ಸರ್ವರ್_ಕೋಣೆ:
ಸರ್, ಆ ‘ಯೆಸ್’ ಅನ್ನು ಜಾಸ್ತಿ ನಂಬಬೇಡಿ. ಅದು ಕರ್ನಲ್ (ಲಿನಕ್ಸ್‌ನ ತಿರುಳು) ಇಟ್ಟುಕೊಂಡಿರುವ ಒಂದು ಗುರುತು, ಅಷ್ಟೇ. ಗಡಿಯಾರ ಎಷ್ಟು ಆಚೀಚೆ ಇದೆ ಅಂತ ಅದು ಹೇಳುವುದಿಲ್ಲ. ಮೆಷಿನ್‌ನ ಗಡಿಯಾರ ಸರಿ ಇದೆಯಾ ಅಂತ ಅದೇ ಮೆಷಿನ್ನನ್ನು ಕೇಳಿ ಪ್ರಯೋಜನ ಇಲ್ಲ. ಬೇರೆ ಕಡೆಯಿಂದ ಅಳೆಯಬೇಕು.

ಲಿನಕ್ಸ್_ಕಲಿಯುವಾಕೆ:
ಒಂದು ಸ್ಕ್ರಿಪ್ಟ್ ಬರೆದು, ಎಸ್‌ಎಸ್‌ಎಚ್‌ನಲ್ಲಿ ಎಲ್ಲ ಮೆಷಿನ್‌ಗಳ ಡೇಟ್ ತೆಗೆದುಕೊಂಡು ಹೋಲಿಸಿದರೆ ಸಾಕಲ್ವಾ?

ಸರ್ವರ್_ಕೋಣೆ:
38 ಸೆಕೆಂಡ್ ವ್ಯತ್ಯಾಸ ಹಿಡಿಯಲು ಸಾಕು ಮೇಡಂ. ಆದರೆ ಎಸ್‌ಎಸ್‌ಎಚ್ ಲಾಗಿನ್ ಆಗುವುದಕ್ಕೇ ಒಂದಿಷ್ಟು ಸಮಯ ಹಿಡಿಯುತ್ತದೆ, ಒಂದೊಂದು ಸಲ ಒಂದೊಂದು ಥರ. ಚಿಕ್ಕ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ. ಕ್ರೋನಿ ಬಳಸುವ ಎನ್‌ಟಿಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಸಮಯ ಹೊಂದಿಸುವ ಪದ್ಧತಿ, ಹಾಗಲ್ಲ. ಪ್ಯಾಕೆಟ್ ಹೊರಟ ಸಮಯ, ಆ ಕಡೆ ತಲುಪಿದ ಸಮಯ, ಅಲ್ಲಿಂದ ವಾಪಸ್ ಹೊರಟ ಸಮಯ, ಇಲ್ಲಿ ಬಂದ ಸಮಯ, ಈ ನಾಲ್ಕನ್ನೂ ಹಿಡಿದು ದಾರಿಯ ತಡವನ್ನು ಕಳೆದುಬಿಡುತ್ತದೆ. ಹೋಗುವ ತಡ, ಬರುವ ತಡ ಎರಡೂ ಒಂದೇ ಇದ್ದರೆ ಲೆಕ್ಕ ಸರಿಯಾಗಿ ಬರುತ್ತದೆ. ಬೇರೆಬೇರೆ ಇದ್ದರೆ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಉಳಿಯುತ್ತದೆ. ಒಂದೇ ಸ್ವಿಚ್‌ನ ಲ್ಯಾಬ್‌ನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಲ್ಯಾಬ್ ಸರ್, ಹೀಗೆ ಮಾಡಿ. ವರ್ಚುವಲ್ ಅಲ್ಲದ ಒಂದು ಮೆಷಿನ್ನನ್ನು ಕಾವಲಿಗೆ ಆರಿಸಿಕೊಳ್ಳಿ. ಅದಕ್ಕೆ ಹೊರಗಿನ ನಾಲ್ಕು ಎನ್‌ಟಿಪಿ ಸರ್ವರ್ ಕೊಡಿ. ಎರಡೇ ಕೊಟ್ಟರೆ, ಅವು ಬೇರೆಬೇರೆ ಸಮಯ ಹೇಳಿದಾಗ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ. ಭಾರತದ ಅಧಿಕೃತ ಸಮಯ ನೋಡಿಕೊಳ್ಳುವ ದೆಹಲಿಯ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್ ಒಂದಿರಲಿ.

ಆಮೇಲೆ ಫೈಲ್ ಸರ್ವರ್ ಮತ್ತು ಲ್ಯಾಬ್ ಮೆಷಿನ್‌ಗಳ ಕ್ರೋನಿ ಕಾನ್ಫಿಗ್‌ನಲ್ಲಿ ‘ಅಲೋ’ ಸಾಲು ಹಾಕಿ, ಕಾವಲು ಮೆಷಿನ್‌ನ ಐಪಿ ಕೊಡಿ. ಅದಿಲ್ಲದೆ ಕ್ರೋನಿ ಯಾರಿಗೂ ಉತ್ತರ ಕೊಡುವುದಿಲ್ಲ. ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ತೆರೆದಿರಬೇಕು. ಇನ್ನು ಕಾವಲು ಮೆಷಿನ್‌ನ ಕಾನ್ಫಿಗ್‌ನಲ್ಲಿ ಅವೆಲ್ಲವನ್ನೂ ‘ಸರ್ವರ್’ ಅಂತ ಸೇರಿಸಿ, ಪ್ರತಿ ಸಾಲಿನ ಕೊನೆಗೆ ‘ನೋಸೆಲೆಕ್ಟ್’ ಬರೆಯಿರಿ. ಆಗ ಅವುಗಳನ್ನು ಅಳೆಯುತ್ತದೆ, ಆದರೆ ಅವುಗಳ ಮಾತು ಕೇಳಿ ತನ್ನ ಗಡಿಯಾರ ತಿರುಗಿಸಿಕೊಳ್ಳುವುದಿಲ್ಲ. ‘ಲಾಗ್ ಮೆಷರ್‌ಮೆಂಟ್ಸ್’ ಸಾಲನ್ನೂ ಹಾಕಿ, ಪ್ರತಿ ಅಳತೆಯೂ ಫೈಲ್‌ನಲ್ಲಿ ಉಳಿಯುತ್ತದೆ.

ಒಂದು ಮುಖ್ಯ ವಿಷಯ. ಎರಡು ಅಳತೆಗಳ ನಡುವಿನ ಗರಿಷ್ಠ ಅಂತರ ಹೇಳುವ ಮ್ಯಾಕ್ಸ್‌ಪೋಲ್‌ನ ಡಿಫಾಲ್ಟ್ 10, ಅಂದರೆ 2ರ 10ನೇ ಘಾತ, 1024 ಸೆಕೆಂಡಿಗೆ ಒಂದು ಅಳತೆ. ನಿಮ್ಮ ತೊಂದರೆ ಸ್ವಲ್ಪ ಹೊತ್ತು ಇದ್ದು ಹೋಗುವಂಥದ್ದು. ಹದಿನೇಳು ನಿಮಿಷಕ್ಕೊಮ್ಮೆ ನೋಡಿದರೆ ಅದು ಕೈಗೆ ಸಿಗದೆ ಇರಬಹುದು. ಆ ನೋಸೆಲೆಕ್ಟ್ ಸಾಲುಗಳಲ್ಲಿ ಮಿನ್‌ಪೋಲ್, ಮ್ಯಾಕ್ಸ್‌ಪೋಲ್ ಎರಡನ್ನೂ 4 ಮಾಡಿ, 16 ಸೆಕೆಂಡಿಗೊಮ್ಮೆ ಅಳೆಯುತ್ತದೆ. ನಿಮ್ಮ ಲ್ಯಾಬ್ ಒಳಗೆ ಇದು ಹೊರೆಯಲ್ಲ. ಹೊರಗಿನ ಸರ್ವರ್‌ಗಳಿಗೆ ಮಾತ್ರ ಹೀಗೆ ಮಾಡಬೇಡಿ, ಅವು ಬೇರೆಯವರ ಸೇವೆ.

ಒಂದು ದಿನ ಓಡಲಿ. ಆಮೇಲೆ ಗ್ರಾಫ್ ಹಾಕಿ ಅದರ ಆಕಾರ ನೋಡಿ. ನೇರವಾಗಿ ಏರುತ್ತಾ ಹೋಗುವ ಗೆರೆ ಇದ್ದರೆ ಆ ಮೆಷಿನ್ ಸಿಂಕ್ ಆಗುತ್ತಲೇ ಇಲ್ಲ, ಗಡಿಯಾರದ ಕ್ರಿಸ್ಟಲ್ ತನ್ನ ಪಾಡಿಗೆ ಓಡುತ್ತಿದೆ. 10 ಪಿಪಿಎಂ (ಹತ್ತು ಲಕ್ಷಕ್ಕೆ 10) ತಪ್ಪಿದ್ದರೂ ದಿನಕ್ಕೆ ಸುಮಾರು 0.86 ಸೆಕೆಂಡ್ ಆಗುತ್ತದೆ. ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿದ್ದರೆ ಇನ್ಯಾರೋ ಗಡಿಯಾರ ತಿರುಗಿಸುತ್ತಿದ್ದಾರೆ, ಕ್ರೋನಿ ಅದನ್ನು ವಾಪಸ್ ಎಳೆಯುತ್ತಿದೆ. ನನಗೆ ಇದರ ಮೇಲೇ ಅನುಮಾನ.

ಲಿನಕ್ಸ್_ಕಲಿಯುವಾಕೆ:
ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಸರಿಯಾಗಿ ಐದೂವರೆ ಗಂಟೆ ತಪ್ಪಿರುತ್ತದೆ. ಇದೂ ಅದೇನಾ?

ಸರ್ವರ್_ಕೋಣೆ:
ಅಲ್ಲ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ವಿಂಡೋಸ್‌ಗೂ ಯುಟಿಸಿ ಇಡುವಂತೆ ರಿಜಿಸ್ಟ್ರಿಯಲ್ಲಿ ಹೇಳಿಬಿಡಿ, ಸರಿಹೋಗುತ್ತದೆ.

ಲ್ಯಾಬ್_ಉಸ್ತುವಾರಿ:
ಸರ್, ಗರಗಸವೇ! ಲ್ಯಾಬ್ ಮೆಷಿನ್‌ಗಳೆಲ್ಲ ಒಂದು ಮಿಲಿಸೆಕೆಂಡ್ ಒಳಗಿವೆ. ಫೈಲ್ ಸರ್ವರ್ ಮಾತ್ರ ಗಂಟೆಗೊಮ್ಮೆ ಏಕಾಏಕಿ 38 ಸೆಕೆಂಡ್ ಮುಂದೆ ಹೋಗುತ್ತದೆ, ಆಮೇಲೆ ನಿಧಾನವಾಗಿ ಸೊನ್ನೆಗೆ ಬರುತ್ತದೆ. ಸರ್ವರ್‌ನ ಲಾಗ್‌ನಲ್ಲಿ ಅದೇ ಹೊತ್ತಿಗೆ ಕ್ರೋನಿ ‘ಫಾರ್ವರ್ಡ್ ಟೈಮ್ ಜಂಪ್ ಡಿಟೆಕ್ಟೆಡ್’ ಅಂತ ಬರೆದಿದೆ. ಬ್ಯಾಕಪ್‌ಗೆ ಆ ವರ್ಚುವಲ್ ಮೆಷಿನ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯುವುದೂ ಗಂಟೆಗೊಮ್ಮೆ.

ಸರ್ವರ್_ಕೋಣೆ:
ಹಾಗಾದರೆ ಸಿಕ್ಕಿತು. ಸ್ನ್ಯಾಪ್‌ಶಾಟ್ ಮುಗಿದ ತಕ್ಷಣ ವರ್ಚುವಲ್ ಮೆಷಿನ್ ಟೂಲ್ಸ್ ಹೋಸ್ಟ್‌ನ (ವರ್ಚುವಲ್ ಮೆಷಿನ್ ಓಡುವ ನಿಜವಾದ ಮೆಷಿನ್) ಸಮಯವನ್ನು ತಂದು ಒಳಗೆ ಹಾಕುತ್ತಿದೆ. ಹೋಸ್ಟ್‌ನ ಗಡಿಯಾರವೇ 38 ಸೆಕೆಂಡ್ ಮುಂದಿರಬೇಕು. ಕ್ರೋನಿ ಕಾನ್ಫಿಗ್‌ನಲ್ಲಿ ‘ಮೇಕ್‌ಸ್ಟೆಪ್ 1.0 3’ ಅಂತಿದ್ದರೆ ಕ್ರೋನಿ ಶುರುವಿನ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ ಒಂದೇ ಏಟಿಗೆ ಸಮಯ ಬದಲಿಸುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಸವೆಸುತ್ತದೆ, ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 83 ಮಿಲಿಸೆಕೆಂಡ್. 38 ಸೆಕೆಂಡ್ ಸವೆಯಲು ಕಡಿಮೆ ಅಂದರೂ ಏಳೂವರೆ ನಿಮಿಷ ಬೇಕು. ಫೈಲ್‌ಗೆ ಸಮಯ ಹಾಕುವುದು ಸರ್ವರ್, ಮೇಕ್ ಅದನ್ನು ಹೋಲಿಸುವುದು ಲ್ಯಾಬ್ ಮೆಷಿನ್‌ನ ಗಡಿಯಾರದ ಜೊತೆ. ಹಾಗಾಗಿ ಅಷ್ಟು ಹೊತ್ತು ಉಳಿಸಿದ ಫೈಲ್‌ಗಳಿಗೆಲ್ಲ ಮುಂದಿನ ಸಮಯ ಬೀಳುತ್ತದೆ.

ಮೊದಲು ಹೋಸ್ಟ್‌ಗೆ ಎನ್‌ಟಿಪಿ ಹಾಕಿ. ಟೂಲ್ಸ್‌ನ ಸಮಯ ಸಿಂಕ್ ಕೂಡ ಆಫ್ ಮಾಡಿ. ಹುಷಾರು, ಕೆಲವು ಟೂಲ್ಸ್‌ನಲ್ಲಿ ನಿಗದಿತ ಹೊತ್ತಿನ ಸಿಂಕ್ ಆಫ್ ಮಾಡಿದರೂ ಸ್ನ್ಯಾಪ್‌ಶಾಟ್ ಆದಾಗಿನ ಸಿಂಕ್ ಬೇರೆ ಸೆಟ್ಟಿಂಗ್ ಆಗಿ ಹಾಗೇ ಉಳಿದಿರುತ್ತದೆ.

ಲ್ಯಾಬ್_ಉಸ್ತುವಾರಿ:
ಹೋಸ್ಟ್‌ನಲ್ಲಿ ಎನ್‌ಟಿಪಿ ಇರಲೇ ಇಲ್ಲ. ಎರಡೂ ಸರಿ ಮಾಡಿದೆ. ನಿನ್ನೆಯಿಂದ ಗೆರೆ ಸೊನ್ನೆಯಲ್ಲೇ ನೆಟ್ಟಗಿದೆ, ಮೇಕ್ ಕೂಡ ಸುಮ್ನೆ ಇದೆ. ತುಂಬಾ ಧನ್ಯವಾದ ಸರ್. ಅಲಾರಂ ಎಷ್ಟಕ್ಕೆ ಇಡಲಿ?

ಸರ್ವರ್_ಕೋಣೆ:
ಕೆರ್ಬೆರೋಸ್ (ನೆಟ್‌ವರ್ಕ್‌ನಲ್ಲಿ ಗುರುತು ಖಚಿತಪಡಿಸುವ ವ್ಯವಸ್ಥೆ) ಲಾಗಿನ್‌ಗೆ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸದವರೆಗೂ ನಡೆಯುತ್ತದೆ. ಮೇಕ್‌ಗೆ ಅದು ವಿಪರೀತ ಜಾಸ್ತಿ. ನಿಮ್ಮ ಲ್ಯಾಬ್‌ಗೆ 50 ಮಿಲಿಸೆಕೆಂಡ್ ಇಡಿ, ಅದೂ ಸತತ ಮೂರು ಅಳತೆಯಲ್ಲಿ ದಾಟಿದರೆ ಮಾತ್ರ ಮೇಲ್ ಬರಲಿ. ಉತ್ತರವೇ ಕೊಡದ ಮೆಷಿನ್‌ಗೂ ಒಂದು ಅಲಾರಂ ಬೇಕು. ಅದಕ್ಕೆ ಕಾವಲು ಮೆಷಿನ್‌ನಲ್ಲಿ ‘ಕ್ರೋನಿಸಿ ಸೋರ್ಸಸ್’ ಕಮಾಂಡ್ ತೋರಿಸುವ ರೀಚ್ ಕಾಲಂ ನೋಡಿ. 377 ಇದ್ದರೆ ಕಳೆದ ಎಂಟೂ ಸಲ ಉತ್ತರ ಬಂದಿದೆ, 0 ಇದ್ದರೆ ಒಂದು ಸಲವೂ ಬಂದಿಲ್ಲ. ರಾತ್ರಿ ಲ್ಯಾಬ್ ಮುಚ್ಚಿದಾಗ ಎಲ್ಲವೂ 0 ಆಗುತ್ತವೆ, ಆ ಹೊತ್ತಿಗೆ ಫೈಲ್ ಸರ್ವರ್‌ನದ್ದನ್ನು ಮಾತ್ರ ಗಮನಿಸುವಂತೆ ಬರೆಯಿರಿ.